ಹಳೇ ಕಾರಿನ ಎಂಜಿನ್: ಬಿಚ್ಚಿ ಕಟ್ಟುವುದಾ, ಬೇರೆ ಕೂರಿಸುವುದಾ?

ಮಂಗಳೂರು, ಉಡುಪಿ ಕಡೆ ಹಳೇ ಅಂಬಾಸಿಡರ್ ಅಥವಾ ಪದ್ಮಿನಿ ಇಟ್ಟುಕೊಂಡವರ ಕಿವಿಗೆ ಒಂದಲ್ಲ ಒಂದು ದಿನ ಈ ಮಾತು ಬೀಳುತ್ತದೆ: "ಇದರ ಎಂಜಿನ್ ಮುಗೀತು ಮಾರಾಯ್ರೆ, ಬೇರೆ ಹಾಕುವ." ನನ್ನ ಕಿವಿಗೂ ಬಿತ್ತು. ಅಜ್ಜ 1978ರಲ್ಲಿ ತೆಗೆದುಕೊಂಡ ಮಾರ್ಕ್ 3 ಅಂಬಾಸಿಡರ್ ಕಟಪಾಡಿಯ ಮನೆ ಹಿಂದಿನ ಶೆಡ್ಡಿನಲ್ಲಿ ಆರು ಮಳೆಗಾಲ ನಿಂತಲ್ಲೇ ಕಳೆದಿತ್ತು. ಹೊರಗೆ ತಂದು ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಅಂಗಳದ ತುದಿಯ ಹಲಸಿನ ಮರದವರೆಗೆ ಹೋಯಿತು. ನೋಡಲು ಬಂದ ಮೂವರಲ್ಲಿ ಇಬ್ಬರು ಬಾನೆಟ್ ಎತ್ತಿ, ಒಂದು ನಿಮಿಷ ಕಿವಿಗೊಟ್ಟು, ಎಂಜಿನ್ ಬದಲಿಸಿ ಅಂದರು. ಮೂರನೆಯವರು ಈಗಲೂ ನಮ್ಮ ಮೇಸ್ತ್ರಿ. ಅವರು ಹೇಳಿದ್ದು ಇಷ್ಟೇ: "ಅಳತೆ ತೆಗೀದೆ ನಾನು ಎಂತದೂ ಹೇಳುವುದಿಲ್ಲ."

ನಾನು ಹೇಳಬೇಕೆಂದಿರುವುದೂ ಅದನ್ನೇ. ಬಿಚ್ಚಿ ಕಟ್ಟಬೇಕಾ, ಬೇರೆ ಎಂಜಿನ್ ಕೂರಿಸಬೇಕಾ ಎನ್ನುವುದನ್ನು ಹೊಗೆ ನೋಡಿ ಹೇಳಲು ಆಗುವುದಿಲ್ಲ, ಶಬ್ದ ಕೇಳಿಯೂ ಆಗುವುದಿಲ್ಲ. ಅಳತೆ ಹೇಳಬೇಕು. ಆ ಅಳತೆಯನ್ನು ಯಾವ ಕ್ರಮದಲ್ಲಿ ತೆಗೆಯಬೇಕು, ಎಲ್ಲಿ ನಿಲ್ಲಿಸಿ ಯೋಚನೆ ಮಾಡಬೇಕು ಎಂದು ಒಂದೊಂದಾಗಿ ಬರೆಯುತ್ತೇನೆ.

ಮೊದಲು ಕಾರಿನ ಅಡಿ ನೋಡಿ

ಎಂಜಿನ್ ವಿಷಯ ಆಮೇಲೆ. ನಮ್ಮ ಕರಾವಳಿಯಲ್ಲಿ ಕಾರನ್ನು ಕೊಲ್ಲುವುದು ತುಕ್ಕು. ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ಒಣಗದ ಶೆಡ್ಡು. ಅಂಬಾಸಿಡರಿಗಾಗಲಿ ಪದ್ಮಿನಿಗಾಗಲಿ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹಾಗಾಗಿ ಕಾರನ್ನು ಎತ್ತಿ ನಿಲ್ಲಿಸಿ, ಒಂದು ಹಳೇ ಸ್ಕ್ರೂಡ್ರೈವರ್ ಹಿಡಿದು ಅಡಿಗೆ ಹೋಗಿ. ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆ, ಹಿಂದಿನ ಪಟ್ಟಾ ಸ್ಪ್ರಿಂಗ್ ಕೂರುವ ಜಾಗ, ಮುಂದಿನ ಸಸ್ಪೆನ್ಷನ್ ಬಾಡಿಗೆ ಸೇರುವ ಜಾಗ, ಇವನ್ನೆಲ್ಲ ಒತ್ತಿ ನೋಡಿ. ಪೇಂಟಿನ ಅಡಿಯಲ್ಲಿ ತಗಡು ಹಪ್ಪಳದ ಹಾಗೆ ಮುರಿದರೆ ಎಂಜಿನ್ನಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ದುಡ್ಡು ಮೊದಲು ತಗಡಿಗೆ ಹೋಗಬೇಕು. ಎಂಜಿನ್ ಚೆನ್ನಾಗಿ ಕಟ್ಟಿಸಿದ ಮೇಲೆ ಬಾಡಿ ಕೈಕೊಟ್ಟು, ಕೊನೆಗೆ ಎರಡನ್ನೂ ಗುಜರಿಗೆ ಕೊಟ್ಟವರನ್ನು ನಾನು ನೋಡಿದ್ದೇನೆ. ಬೇಜಾರಾಗುತ್ತದೆ.

ಆಮೇಲೆ ಕಾಗದ

ಇದನ್ನು ಎಲ್ಲರೂ ಕೊನೆಗೆ ನೋಡುತ್ತಾರೆ, ಎರಡನೆಯದಾಗಿ ನೋಡಬೇಕು. ಆರ್‌ಸಿ ತೆಗೆಯಿರಿ. ಅದರಲ್ಲಿರುವ ಎಂಜಿನ್ ನಂಬರ್ ಮತ್ತು ಬ್ಲಾಕಿನ (ಎಂಜಿನ್ನಿನ ಮುಖ್ಯ ಒಡಲು) ಮೇಲಿರುವ ನಂಬರ್ ಒಂದೇನಾ ಎಂದು ಟಾರ್ಚ್ ಹಾಕಿ, ಗ್ರೀಸ್ ಒರೆಸಿ ನೋಡಿ. ಇಂಧನದ ಕಾಲಂನಲ್ಲಿ ಪೆಟ್ರೋಲ್ ಎಂದಿದೆಯಾ, ಡೀಸೆಲ್ ಎಂದಿದೆಯಾ? ಬಾಡಿಗೆಗೆ ಓಡುತ್ತಿದ್ದ ಕಾಲದಲ್ಲಿ ಪೆಟ್ರೋಲ್ ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಕೂರಿಸಿ ಓಡಿಸಿದವರು ಇದ್ದಾರೆ. ಅಂಥ ಕಾರು ನಿಮ್ಮ ಕೈಗೆ ಬಂದಿದ್ದರೆ, ಹಳೇ ಮಾಲೀಕರ ತಲೆನೋವು ಈಗ ನಿಮ್ಮದು.

ಕಾನೂನು ಇಲ್ಲಿ ಸ್ಪಷ್ಟ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಿಸಿದ ಕಂಪನಿ ನಮೂದಿಸಿದ್ದಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅದೇ ಮಾದರಿಯ ಎಂಜಿನ್ ಹಾಕಿ, ಆರ್‌ಟಿಒಗೆ ತಿಳಿಸಿ, ಹೊಸ ನಂಬರನ್ನು ಆರ್‌ಸಿಗೆ ಹತ್ತಿಸುವುದು ಒಂದು ವಿಷಯ. ಅಂಬಾಸಿಡರಿನ 1489 ಸಿಸಿ ಎಂಜಿನ್ನಿನ ಜಾಗದಲ್ಲಿ ಬೇರೇನೋ ತಂದು ಕೂರಿಸುವುದು ಬೇರೆಯೇ ವಿಷಯ. ಗ್ಯಾರೇಜಿನವರು "ಯಾರೂ ಕೇಳುವುದಿಲ್ಲ" ಎನ್ನುತ್ತಾರೆ. ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಕಾರನ್ನು ಇನ್‌ಸ್ಪೆಕ್ಷನ್‌ಗೆ ಒಯ್ಯುವವರು ನೀವು, ಅವರಲ್ಲ. ಅಪಘಾತ ಆದರೆ ಇನ್ಶೂರೆನ್ಸಿನವರು ಮೊದಲು ನೋಡುವುದೂ ಇದನ್ನೇ.

ಇನ್ನೂ ಒಂದು ಸಂಗತಿ ಇದೆ. ನನ್ನ ನಿರ್ಧಾರಕ್ಕೆ ಇದು ತುಂಬಾ ತೂಕ ಕೊಟ್ಟಿತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸದಾಗಿ ನೋಂದಣಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ, ನಂಬರ್ ಪ್ಲೇಟಿನಲ್ಲಿ "ವಿಎ" ಅಕ್ಷರ. ದಿನಾ ಓಡಿಸಲು ಆಗುವುದಿಲ್ಲ, ರ್‍ಯಾಲಿ, ಪ್ರದರ್ಶನ, ರಿಪೇರಿ ಇಂಥದ್ದಕ್ಕೆ ಮಾತ್ರ. ಅಜ್ಜನ ಕಾರಿಗೆ 2028ಕ್ಕೆ 50 ತುಂಬುತ್ತದೆ. ಅಷ್ಟು ಹತ್ತಿರ ಬಂದು, ಮೂಲ ಎಂಜಿನ್ನನ್ನು ಗುಜರಿಗೆ ಹಾಕಿ ಆ ಬಾಗಿಲನ್ನು ನಾನೇ ಮುಚ್ಚಬೇಕಾ? ನಿಮ್ಮ ಕಾರಿನ ವರ್ಷ ಲೆಕ್ಕ ಹಾಕಿ ನೋಡಿ.

ಬಿಚ್ಚುವ ಮೊದಲು ಮಾಡುವ ಪರೀಕ್ಷೆ

ತುಂಬಾ ದಿನ ನಿಂತ ಕಾರನ್ನು ನೇರವಾಗಿ ಸೆಲ್ಫ್ ಹೊಡೆಯಬೇಡಿ. ಮಳೆಗಾಲದ ತೇವಕ್ಕೆ ಪಿಸ್ಟನ್ ರಿಂಗ್ ಬೋರಿಗೆ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ತುಕ್ಕು ಹಿಡಿದು ಅಂಟಿಕೊಂಡಿರಬಹುದು, ಜೋರು ಮಾಡಿದರೆ ರಿಂಗ್ ತುಂಡಾಗುತ್ತದೆ. ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಒಂದೊಂದು ತೂತಿಗೂ ಎರಡು ಮೂರು ಚಮಚ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿದ್ದನ್ನು ಬಿಡಿ. ಒಂದು ವಾರ ಕಾಯಿರಿ. ಆಮೇಲೆ ಹ್ಯಾಂಡಲ್ ಹಾಕಿ ಕೈಯಲ್ಲೇ ಮೆಲ್ಲ ತಿರುಗಿಸಿ. ಸ್ವಲ್ಪ ಸ್ವಲ್ಪವೇ. ಅವಸರ ಬೇಡ.

ತಿರುಗಿತು, ಸ್ಟಾರ್ಟ್ ಆಯಿತು ಎಂದರೆ ಬಿಸಿ ಆಗಲು ಬಿಡಿ. ಈಗ ಕಂಪ್ರೆಶನ್ ಗೇಜ್ ಬೇಕು, ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ಅಳೆಯುವುದು. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದಿಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಒಂದೊಂದು ಸಿಲಿಂಡರಿಗೂ ಐದಾರು ಸುತ್ತು ಸೆಲ್ಫ್ ಹೊಡೆದು ಕ್ರ್ಯಾಂಕ್ ಮಾಡಿ. ಬ್ಯಾಟರಿ ಫುಲ್ ಚಾರ್ಜ್ ಇರಲಿ, ಇಲ್ಲದಿದ್ದರೆ ಸಿಗುವ ಅಂಕಿ ಸುಳ್ಳು.

ನಮ್ಮ ಶೆಡ್ಡಿನಲ್ಲಿ ಇದನ್ನು ಮಾಡಿದ್ದು ಜುಲೈಯ ಒಂದು ಮಧ್ಯಾಹ್ನ, ಶೀಟಿನ ಮೇಲೆ ಮಳೆ ಬಡಿಯುತ್ತಿತ್ತು. ಮೇಸ್ತ್ರಿ ಗೇಜ್ ಓದಿ ಹೇಳುತ್ತಿದ್ದರು, ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಮೊದಲನೆಯದು 118 ಪಿಎಸ್‌ಐ (ಒತ್ತಡದ ಅಳತೆ), ಎರಡನೆಯದು 115, ಮೂರನೆಯದು 72, ನಾಲ್ಕನೆಯದು 110. ಮೂರನೆಯದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಪುನಃ ಕ್ರ್ಯಾಂಕ್ ಮಾಡಿದೆವು. ಮುಳ್ಳು 104ಕ್ಕೆ ಏರಿತು. ಮೇಸ್ತ್ರಿ ಮುಖದಲ್ಲಿ ಸಣ್ಣ ನಗು ಬಂತು. "ರಿಂಗ್. ವಾಲ್ವ್ ಅಲ್ಲ. ಇದು ಸಾಯ್ಲಿಲ್ಲ" ಅಂದರು.

ಅದರ ಅರ್ಥ ಇಷ್ಟೇ. ಆಯಿಲ್ ಬಿಟ್ಟಾಗ ಅಂಕಿ ಏರಿದರೆ ಗಾಳಿ ರಿಂಗ್ ಮತ್ತು ಬೋರಿನ ನಡುವಿನಿಂದ ಸೋರುತ್ತಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಹಾಳೆ). ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ಬಹುಮಟ್ಟಿಗೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿದೆ. ಎಲ್ಲ ಸಿಲಿಂಡರೂ ಸಮವಾಗಿ ಸ್ವಲ್ಪ ಕಡಿಮೆ ಇದ್ದರೆ ಅಷ್ಟು ಹೆದರುವುದು ಬೇಡ. ಒಂದಕ್ಕೂ ಇನ್ನೊಂದಕ್ಕೂ ಹತ್ತು ಹದಿನೈದು ಶೇಕಡಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಹುಡುಕಬೇಕು. ಕಂಪ್ರೆಸರ್ ಇರುವ ಕಡೆ ಇನ್ನೂ ಸುಲಭ: ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಮೇಲಿರುವಾಗ ಪ್ಲಗ್ ತೂತಿನಿಂದ ಗಾಳಿ ಕೊಟ್ಟು ಕಿವಿಗೊಡಿ. ಕಾರ್ಬ್ಯುರೇಟರಿನಲ್ಲಿ ಸುಯ್ ಎಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಕೇಳಿದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಬಿರುಕು.

ಮುಂದಿನದು ಆಯಿಲ್ ಪ್ರೆಶರ್. ಡ್ಯಾಶ್‌ಬೋರ್ಡಿನ ದೀಪ ನಂಬಬೇಡಿ. ನಿಜವಾದ ಗೇಜನ್ನು ತಾತ್ಕಾಲಿಕವಾಗಿ ಜೋಡಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನೋಡಿ. ಹಳೇ ಮೇಸ್ತ್ರಿಗಳ ಲೆಕ್ಕ: ಸಾವಿರ ಆರ್‌ಪಿಎಂಗೆ ಹತ್ತು ಪಿಎಸ್‌ಐ ಇದ್ದರೆ ಬದುಕಬಹುದು. ತಣ್ಣಗಿರುವಾಗ 50, ಬಿಸಿಯಾದಾಗ ಐಡಲ್‌ನಲ್ಲಿ ಐದಕ್ಕೆ ಇಳಿದರೆ ಬೇರಿಂಗ್ ಸವೆದಿದೆ, ಇಲ್ಲವೇ ಪಂಪ್ ಹೋಗಿದೆ. ಇನ್ನೊಂದು ಸುಲಭದ ಪರೀಕ್ಷೆ: ಒಬ್ಬರು ಕ್ಲಚ್ ಒತ್ತಿ ಬಿಡಲಿ, ನೀವು ಮುಂದಿನ ಪುಲ್ಲಿ ನೋಡಿ. ಕಣ್ಣಿಗೆ ಕಾಣುವಷ್ಟು ಮುಂದೆ ಹಿಂದೆ ಸರಿದರೆ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಥ್ರಸ್ಟ್ ವಾಷರ್ ಮುಗಿದಿದೆ.

ಹೊಗೆಯ ಬಗ್ಗೆ ಎರಡು ಮಾತು. ರೇಸ್ ಮಾಡಿದಾಗ ನೀಲಿ ಬಂದರೆ ರಿಂಗ್. ಇಳಿಜಾರಿನಲ್ಲಿ ಕಾಲು ತೆಗೆದು ಪುನಃ ಒತ್ತಿದಾಗ ಒಮ್ಮೆ ನೀಲಿ ಬಂದು ಹೋದರೆ ವಾಲ್ವ್ ಗೈಡ್, ಅದಕ್ಕೆ ಹೆಡ್ ಕೆಲಸ ಸಾಕು. ಮತ್ತೆ, ಆಯಿಲ್ ಮುಚ್ಚಳದ ಅಡಿಯಲ್ಲಿ ಮಜ್ಜಿಗೆಯಂಥ ಬಿಳಿ ಕಂಡರೆ ಎಲ್ಲರೂ "ನೀರು ಸೇರಿದೆ" ಎಂದು ಗಾಬರಿ ಮಾಡುತ್ತಾರೆ. ನಮ್ಮ ಮಳೆಗಾಲದಲ್ಲಿ ಪೇಟೆಗೆ ಎರಡು ಕಿಲೋಮೀಟರ್ ಹೋಗಿ ಬಂದರೂ ಮುಚ್ಚಳದಲ್ಲಿ ಅಷ್ಟು ತೇವ ಕೂರುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿ. ಅಲ್ಲೂ ಬಿಳಿ ಇದ್ದರೆ ಮಾತ್ರ ಗಾಬರಿ.

ಬಿಚ್ಚಿದ ಮೇಲೆ ನಿಲ್ಲಿ

ಇಲ್ಲಿ ಮೇಸ್ತ್ರಿಯ ಜೊತೆ ಮೊದಲೇ ಮಾತಾಡಿಕೊಳ್ಳಿ: ಬಿಚ್ಚಿ, ತೊಳೆದು, ಅಳತೆ ತೆಗೆಯುವವರೆಗೆ ಇಷ್ಟು ಕೂಲಿ, ಅಲ್ಲಿಗೆ ನಿಲ್ಲುವುದು. ಮುಂದಿನದ್ದು ಅಳತೆ ನೋಡಿದ ಮೇಲೆ. ಇದನ್ನು ಹೇಳದಿದ್ದರೆ ಬಿಚ್ಚಿದ ಎಂಜಿನ್ ನೆಲದ ಮೇಲೆ ಹರಡಿಕೊಂಡಿರುತ್ತದೆ, ನೀವು ಒತ್ತಡದಲ್ಲಿ ಯಾವುದಕ್ಕೋ ಹೂಂ ಅನ್ನುತ್ತೀರಿ.

ಹೆಡ್ ತೆಗೆದ ಕೂಡಲೇ ಬೋರಿನ ಮೇಲ್ತುದಿಗೆ ಉಗುರು ತಾಗಿಸಿ ನೋಡಿ. ಮೇಲಿನ ರಿಂಗ್ ಮುಟ್ಟದ ಜಾಗ ಸವೆಯದೆ ಉಳಿದು, ಅದರ ಕೆಳಗೆ ಸವೆದು, ಅಲ್ಲೊಂದು ಮೆಟ್ಟಿಲು ಬಂದಿರುತ್ತದೆ. ಉಗುರು ಸಿಕ್ಕಿಕೊಂಡರೆ ಬೋರ್ ಮಾಡಿಸಲೇಬೇಕು, ಅಂದರೆ ಸಿಲಿಂಡರನ್ನು ಸ್ವಲ್ಪ ಅಗಲಕ್ಕೆ ಕೊರೆಸಲೇಬೇಕು ಅಂತಲೇ ಲೆಕ್ಕ. ಆದರೆ ಉಗುರು ಅಂದಾಜಿಗೆ ಮಾತ್ರ. ಡಯಲ್ ಗೇಜ್ ಹಾಕಿ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲೂ ಅಳೆಯಬೇಕು. 0.1 ಮಿಲಿಮೀಟರ್ ದಾಟಿ ಸವೆದಿದ್ದರೆ ಹೊಸ ರಿಂಗ್ ಮಾತ್ರ ಹಾಕಿ ತೇಪೆ ಹಚ್ಚುವುದರಲ್ಲಿ ಅರ್ಥ ಇಲ್ಲ, ಆರು ತಿಂಗಳಲ್ಲಿ ಹೊಗೆ ವಾಪಸ್ ಬರುತ್ತದೆ. ಓವರ್‌ಸೈಜ್ ಪಿಸ್ಟನ್ 20 ತೌ, 40 ತೌ ಎಂದು ಬರುತ್ತದೆ (ತೌ ಎಂದರೆ ಇಂಚಿನ ಸಾವಿರದ ಒಂದು ಭಾಗ). ಹಿಂದೆ ಯಾರಾದರೂ ಬೋರ್ ಮಾಡಿಸಿದ್ದರೆ ಪಿಸ್ಟನ್ ತಲೆಯ ಮೇಲೆ ಅಂಕಿ ಇರುತ್ತದೆ, ಮಸಿ ಒರೆಸಿ ಓದಿ. ಕೊನೆಯ ಸೈಜ್ ಆಗಿಹೋಗಿದ್ದರೂ ಬ್ಲಾಕ್ ಮುಗಿಯಿತು ಎಂದಲ್ಲ, ಬೋರಿನೊಳಗೆ ಸ್ಲೀವ್ (ಹೊಸ ಕೊಳವೆ) ಹಾಕಿಸಿ ಮೊದಲಿನ ಸೈಜಿಗೇ ತರಬಹುದು. ಕ್ರ್ಯಾಂಕ್ ಕೂಡ ಹಾಗೆಯೇ: 10, 20, 30, 40 ತೌ ಎಂದು ಗ್ರೈಂಡಿಂಗ್‌ಗೆ ಜಾಗ ಇರುತ್ತದೆ, ಅದಕ್ಕೆ ತಕ್ಕ ಬೇರಿಂಗ್ ಸಿಗಬೇಕು ಅಷ್ಟೇ.

ಹಾಗಾದರೆ ಎಂಜಿನ್ ನಿಜವಾಗಿ ಸಾಯುವುದು ಯಾವಾಗ? ಬ್ಲಾಕ್ ಬಿರುಕು ಬಿಟ್ಟಾಗ, ಕನೆಕ್ಟಿಂಗ್ ರಾಡ್ ಮುರಿದು ಗೋಡೆ ಒಡೆದಾಗ, ಕ್ರ್ಯಾಂಕ್ ಬಿರುಕು ಬಿಟ್ಟು ಬೇರೆ ಸಿಗದಿದ್ದಾಗ, ಇಲ್ಲವೇ ನೀರಿನ ದಾರಿಗಳು ಒಳಗಿನಿಂದ ತುಕ್ಕು ಹಿಡಿದು ತೆಳ್ಳಗಾದಾಗ. ಕೊನೆಯದು ನಮ್ಮ ಊರಿನ ಕಾಯಿಲೆ. ವರ್ಷಗಟ್ಟಲೆ ಕೂಲೆಂಟ್ ಹಾಕದೆ ಬಾವಿ ನೀರು, ಬೋರ್‌ವೆಲ್ ನೀರು ತುಂಬಿಸಿದ ಕಾರು ಎಷ್ಟಿಲ್ಲ! ನಮ್ಮದರಲ್ಲಿ ಬ್ಲಾಕಿನ ಪಕ್ಕದ ದುಂಡು ತಗಡಿನ ಪ್ಲಗ್ಗಿಗೆ ಸ್ಕ್ರೂಡ್ರೈವರ್ ಮೊನೆ ತಾಗಿಸಿದ್ದೇ ತಡ, ಅದು ಒಳಗೆ ಹೋಯಿತು. ಕೆಂಪು ನೀರು ಗಂಜಿಯ ಹಾಗೆ ದಪ್ಪಗೆ ಇಳಿಯಿತು, ಅದರ ಹಿಂದೆ ತುಕ್ಕಿನ ಹಕ್ಕಳೆ. ಒಂದು ಬೋಗುಣಿ ತುಂಬಿತು. ನನ್ನ ಎದೆ ಧಸಕ್ಕೆಂದಿತು. ಆದರೆ ಪ್ಲಗ್ಗುಗಳೆಲ್ಲ ತೆಗೆದು, ತಂತಿ ಹಾಕಿ ಕೆದಕಿ, ಪ್ರೆಶರ್ ನೀರು ಹೊಡೆದು, ಆಮೇಲೆ ಲೇತ್ ಅಂಗಡಿಯಲ್ಲಿ ಬ್ಲಾಕನ್ನೂ ಹೆಡ್ಡನ್ನೂ ಪ್ರೆಶರ್ ಟೆಸ್ಟ್ ಮಾಡಿಸಿದಾಗ ಎರಡೂ ನಿಂತವು. ಈ ಟೆಸ್ಟಿಗೆ ದುಡ್ಡು ಉಳಿಸಬೇಡಿ. ವಾಲ್ವ್ ಸೀಟುಗಳ ನಡುವಿನ ಕೂದಲಿನಂಥ ಬಿರುಕು ಬರಿಗಣ್ಣಿಗೆ ಕಾಣುವುದಿಲ್ಲ.

ಲೇತ್ ಕೆಲಸ ಎಲ್ಲಿ ಮಾಡಿಸುವುದು ಎಂದು ತುಂಬಾ ಜನ ಕೇಳುತ್ತಾರೆ. ನಮ್ಮ ಕರಾವಳಿಗೆ ಒಂದು ಅನುಕೂಲ ಉಂಟು. ಮಲ್ಪೆಯಲ್ಲೂ ಮಂಗಳೂರಿನ ಬಂದರಿನಲ್ಲೂ ಮೀನುಗಾರಿಕೆ ಬೋಟ್ ಇರುವ ಕಾರಣ, ಎಂಜಿನ್ ಬಿಚ್ಚಿ ಕಟ್ಟುವ ಕೈಗಳು ಇನ್ನೂ ಇಲ್ಲಿವೆ. ಬೋಟಿನ ಎಂಜಿನ್ನನ್ನು ಎಸೆದು ಹೊಸದು ಹಾಕುವ ಅಭ್ಯಾಸ ಅವರಿಗಿಲ್ಲ, ಅಳತೆಗೆ ತಂದು ಓಡಿಸುವ ಅಭ್ಯಾಸ. ಅಂಥವರ ಹತ್ತಿರ ವಿಚಾರಿಸಿ, ಯಾವ ಲೇತ್ ಅಂಗಡಿಗೆ ಹೋಗುತ್ತಾರೆ ಎಂದು ಕೇಳಿ.

ಒಂದು ಎಚ್ಚರಿಕೆ. ಪಿಸ್ಟನ್ ಸೆಟ್ ಕೈಗೆ ಬರುವ ಮೊದಲು ಬೋರ್ ಮಾಡಿಸಬೇಡಿ. ನಾವು ಕೊಟ್ಟ ಒಂದು ಅಂಗಡಿಯವರು "20 ತೌ ಪಿಸ್ಟನ್ ಹೇಗೂ ಸಿಗುತ್ತದೆ" ಎಂದು ಮೊದಲೇ ಬೋರ್ ಹೊಡೆದುಬಿಟ್ಟರು. ಬಂದ ಪಿಸ್ಟನ್ನಿಗೆ ಬೇಕಾದ ಸಂದು ಬೇರೆ ಇತ್ತು. ಪುನಃ 40ಕ್ಕೆ ಹೋಗಬೇಕಾಯಿತು, ಒಂದು ಸೈಜ್ ಸುಮ್ನೆ ಕಳೆದುಹೋಯಿತು. ಪಿಸ್ಟನ್ ಅಳೆದು, ಅದಕ್ಕೆ ತಕ್ಕ ಹಾಗೆ ಬೋರ್.

ಬೇರೆ ಎಂಜಿನ್ ಹಾಕುವ ಲೆಕ್ಕ

ಬ್ಲಾಕ್ ನಿಜವಾಗಿಯೂ ಹೋಗಿದ್ದರೆ ಮೊದಲ ಆಯ್ಕೆ ಅದೇ ಮಾದರಿಯ ಇನ್ನೊಂದು ಎಂಜಿನ್. ಅಂಬಾಸಿಡರ್ 2014ರವರೆಗೆ ತಯಾರಾದ ಕಾರು, ಹಾಗಾಗಿ ಹುಡುಕಿದರೆ ಸಿಗುತ್ತದೆ. 1089 ಸಿಸಿಯ ಪದ್ಮಿನಿ ಎಂಜಿನ್ನಿಗೆ ಇನ್ನೂ ಸ್ವಲ್ಪ ಜಾಸ್ತಿ ಅಲೆಯಬೇಕು. ಗುಜರಿಯಿಂದ ತರುವಾಗ ಬಿಲ್ಲು, ಅದು ಯಾವ ಕಾರಿನದ್ದೋ ಅದರ ಆರ್‌ಸಿ ನಕಲು, ಆರ್‌ಸಿ ರದ್ದಾಗಿದ್ದರೆ ಅದರ ಕಾಗದ, ಇವಿಲ್ಲದೆ ದುಡ್ಡು ಕೊಡಬೇಡಿ. ನಂಬರ್ ಉಜ್ಜಿ ತೆಗೆದಿರುವ ಎಂಜಿನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಒಂದು ಮಾತು ನೆನಪಿರಲಿ: ಗುಜರಿಯ ಎಂಜಿನ್ನನ್ನೂ ಬಿಚ್ಚಿ ಅಳೆಯಬೇಕು. "ರನ್ನಿಂಗ್ ಕಂಡೀಷನ್" ಎನ್ನುವುದನ್ನು ನಂಬಿ ನೇರ ಕೂರಿಸಿದರೆ ನಿಮ್ಮ ಹಳೇ ಎಂಜಿನ್ನಿನ ಕಾಯಿಲೆಯ ಜಾಗದಲ್ಲಿ ಇನ್ಯಾರದ್ದೋ ಕಾಯಿಲೆ ತಂದ ಹಾಗೆ. ಬಿಚ್ಚಿ ಕಟ್ಟುವ ಖರ್ಚು ಹೇಗೂ ಬರುತ್ತದೆ ಎಂದಾದರೆ, ನಿಮ್ಮದೇ ಬ್ಲಾಕ್ ಸರಿ ಇರುವಾಗ ಅದಕ್ಕೇ ಹಾಕುವುದು ಲೇಸಲ್ವಾ?

ಬೇರೆ ಮಾದರಿಯ ಎಂಜಿನ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ದಿನಾ ಹೆದ್ದಾರಿ 66ರಲ್ಲಿ ಓಡಿಸಬೇಕು, ಆರ್‌ಟಿಒ ಅನುಮತಿ ಬರಹದಲ್ಲಿ ಸಿಕ್ಕಿದೆ, ಎರಡೂ ಇದ್ದರೆ ಮಾತ್ರ ಯೋಚಿಸಿ. ಅಂಬಾಸಿಡರಿಗೆ ಕಂಪನಿಯೇ ಆಮೇಲೆ ಇಸುಜುವಿನ 1817 ಸಿಸಿ ಎಂಜಿನ್, ಐದು ಗೇರ್ ಹಾಕಿತ್ತು, ಜನ ಮೊದಲು ಹುಡುಕುವುದು ಅದನ್ನೇ. ಅದಾದರೂ ಆರ್‌ಸಿಯಲ್ಲಿ ಸಿಸಿ ಬದಲಾಗುತ್ತದೆ, ಅನುಮತಿ ಬೇಕೇ ಬೇಕು. ಇನ್ನು ಖರ್ಚು ಎಂಜಿನ್ನಿನ ಬೆಲೆಯಲ್ಲಿ ಮುಗಿಯುವುದಿಲ್ಲ. ಮೌಂಟಿಂಗ್ ಕಟ್ ಮಾಡಿ ವೆಲ್ಡ್ ಮಾಡಬೇಕು, ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಿಸಿ ಬ್ಯಾಲೆನ್ಸ್ ಮಾಡಿಸಬೇಕು, ಆಯಿಲ್ ಸಂಪ್ ಸ್ಟಿಯರಿಂಗ್ ರಾಡಿಗೆ ತಾಗದ ಹಾಗೆ ನೋಡಬೇಕು, ಸ್ಟಿಯರಿಂಗ್ ಪಕ್ಕದ ಗೇರ್ ಲಿವರ್ ತೆಗೆದು ನೆಲಕ್ಕೆ ತೂತು ಕೊರೆಯಬೇಕು, ರೇಡಿಯೇಟರ್ ದೊಡ್ಡದು ಬೇಕು, ಸ್ಪೀಡೋಮೀಟರ್ ಸುಳ್ಳು ಹೇಳತೊಡಗುತ್ತದೆ. ಎಲ್ಲಕ್ಕಿಂತ ಮುಖ್ಯ ಬ್ರೇಕ್. ಈ ಕಾರುಗಳಿಗೆ ನಾಲ್ಕೂ ಕಡೆ ಡ್ರಮ್. ಹಳೇ ಎಂಜಿನ್ನಿನ ವೇಗಕ್ಕೆ ಲೆಕ್ಕ ಹಾಕಿ ಇಟ್ಟದ್ದು. ಶಕ್ತಿ ಹೆಚ್ಚಿಸಿ ಬ್ರೇಕ್ ಹಾಗೇ ಬಿಟ್ಟು ಶಿರಾಡಿ ಘಾಟಿ ಇಳಿಯುವುದನ್ನು ಯೋಚಿಸಿದರೆ ನನಗೆ ಭಯವಾಗುತ್ತದೆ.

ಏನೇ ನಿರ್ಧರಿಸಿ, ಮೂಲ ಎಂಜಿನ್ನನ್ನು ಮಾರಬೇಡಿ. ಆಯಿಲ್ ಹಚ್ಚಿ, ಪ್ಲಾಸ್ಟಿಕ್ ಸುತ್ತಿ, ನೆಲದ ತೇವ ತಾಗದ ಹಾಗೆ ಹಲಗೆಯ ಮೇಲೆ ಇಡಿ.

ಕಟ್ಟುವಾಗ ಈ ಕಾಲಕ್ಕೆ ಬೇಕಾದ ಕೆಲಸ

ಈ ಎಂಜಿನ್‌ಗಳು ಸೀಸ ಇದ್ದ ಪೆಟ್ರೋಲಿಗೆ ತಯಾರಾದವು. 2000ನೇ ಇಸವಿಯಿಂದ ನಮ್ಮಲ್ಲಿ ಸೀಸ ಇಲ್ಲದ್ದು ಮಾತ್ರ ಸಿಗುವುದು. ಮೆತ್ತಗಿನ ಎಕ್ಸಾಸ್ಟ್ ವಾಲ್ವ್ ಸೀಟು ಇದಕ್ಕೆ ಬೇಗ ಸವೆಯುತ್ತದೆ, ಹಾಗಾಗಿ ಹೆಡ್ ಬಿಚ್ಚಿದಾಗಲೇ ಗಟ್ಟಿ ಸೀಟ್ ರಿಂಗ್ ಹಾಕಿಸಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡ ಎಥೆನಾಲ್ ಬೇರೆ. ಅದು ಹಳೇ ರಬ್ಬರನ್ನು ತಿನ್ನುತ್ತದೆ, ಗಾಳಿಯ ತೇವ ಹೀರುತ್ತದೆ, ನಮ್ಮ ಕಡೆ ತೇವಕ್ಕೆ ಬರ ಇಲ್ಲ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬ್ಯುರೇಟರಿನ ಗ್ಯಾಸ್ಕೆಟ್ ಎಲ್ಲ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಗಾಳಿ-ಪೆಟ್ರೋಲ್ ಮಿಕ್ಸ್ಚರ್ ತೆಳುವಾಗುವುದರಿಂದ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಒಂದು ಸೈಜ್ ದೊಡ್ಡದು ಬೇಕಾಗಬಹುದು, ಪ್ಲಗ್ಗಿನ ಬಣ್ಣ ನೋಡಿ ನಿರ್ಧರಿಸಿ. ಮಳೆಗಾಲದಲ್ಲಿ ಕಾರು ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿ ನಿಲ್ಲಿಸಿ.

ಖರ್ಚಿಗೆ ಬಂದರೆ, ಮೇಸ್ತ್ರಿ ಕೂಲಿ, ಲೇತ್ ಕೆಲಸ, ಬಿಡಿಭಾಗ ಎಂದು ಮೂರು ಕಡೆ ಬೇರೆ ಬೇರೆ ಬರೆಸಿಕೊಳ್ಳಿ. ಅದರ ಮೇಲೆ ಮೂರನೇ ಒಂದು ಪಾಲು ಸೇರಿಸಿ ಇಟ್ಟುಕೊಳ್ಳಿ. ನನಗೆ ಅಷ್ಟೂ ಬೇಕಾಯಿತು: ವಾಟರ್ ಪಂಪ್, ಕ್ಲಚ್ ಪ್ಲೇಟ್, ಟೈಮಿಂಗ್ ಚೈನ್ ಎಲ್ಲ ಎಂಜಿನ್ ಕೆಳಗಿಳಿದಾಗಲೇ ಬದಲಿಸುವುದು ಬುದ್ಧಿವಂತಿಕೆ.

ಕಟ್ಟಿ ಮುಗಿದ ಮೇಲೆ 20ಡಬ್ಲ್ಯು-50 ಆಯಿಲ್, ಸರಿಯಾದ ಕೂಲೆಂಟ್. ಸ್ಟಾರ್ಟ್ ಮಾಡುವ ಮೊದಲು ಪ್ಲಗ್ ಬಿಚ್ಚಿ, ಗೇಜಿನಲ್ಲಿ ಆಯಿಲ್ ಪ್ರೆಶರ್ ಏರುವವರೆಗೆ ಕ್ರ್ಯಾಂಕ್ ಮಾಡಿ. ಐಡಲ್‌ನಲ್ಲಿ ಗಂಟೆಗಟ್ಟಲೆ ನಿಲ್ಲಿಸಬೇಡಿ, ಓಡಿಸಿ, ಒಂದೇ ವೇಗದಲ್ಲಿ ಹೋಗದೆ ಏರಿಸಿ ಇಳಿಸಿ. 500 ಕಿಲೋಮೀಟರಿಗೆ ಆಯಿಲ್ ಬದಲಿಸಿ, ತಣ್ಣಗಿರುವಾಗ ಹೆಡ್ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಪುನಃ ಬಿಗಿ ಮಾಡಿ, ಟ್ಯಾಪೆಟ್ ಸಂದು (ವಾಲ್ವಿನ ತುದಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) ನೋಡಿ. ಅಂಬಾಸಿಡರಿನ 1489 ಸಿಸಿಗೆ ಅದು 15 ತೌ. ನಾವು ಮೊದಲ ಸಾವಿರ ಕಿಲೋಮೀಟರನ್ನು ಕಾಪು, ಮಲ್ಪೆ, ಬ್ರಹ್ಮಾವರ ಎಂದು ಸಮತಟ್ಟು ರಸ್ತೆಯಲ್ಲೇ ಮುಗಿಸಿದೆವು. ಆಗುಂಬೆಯ 14 ತಿರುವು ಹತ್ತಿಸಿದ್ದು ಆಮೇಲೆ, ಜನವರಿಯ ಒಂದು ಬೆಳಿಗ್ಗೆ. ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ, ಮೇಸ್ತ್ರಿ ಹಿಂದೆ ಹೋಗಿ ಸೈಲೆನ್ಸರ್ ಬಾಯಿಗೆ ಬಿಳಿ ಕರವಸ್ತ್ರ ಹಿಡಿದರು. ತಂದು ನನ್ನ ಕೈಗೆ ಕೊಟ್ಟರು. ಸ್ವಲ್ಪ ತೇವ ಇತ್ತು, ಎಣ್ಣೆ ಕಲೆ ಇರಲಿಲ್ಲ.